ಕುಲಪತಿಗಳ ಪೋಷಕರ ಗಮನಕ್ಕೆ

ಭೂಗೋಳದ ಮೇಷ್ಟ್ರು ಆ ಮಾತನ್ನು ಹೇಳಿದ್ದು ಪಕ್ಕದಲ್ಲಿ ಕೂತಿದ್ದವರ ಕಿವಿಗೆ ಮಾತ್ರ. ಅದು ಇಡೀ ಸಭಾಂಗಣಕ್ಕೆ ಕೇಳಿಸಿದ್ದು ವಿದ್ಯುತ್ ಇಲಾಖೆಯ ತಪ್ಪು.

ಸಭೆ ಕರೆದಿದ್ದವರು ಕುಲಸಚಿವ ಮೇಡಂ. ವಿಶ್ವವಿದ್ಯಾಲಯ ಹೊಸದಾಗಿ ಒಂದು ಪೋರ್ಟಲ್ ಕೊಂಡಿತ್ತು. ಪಾಠ, ಹಾಜರಿ, ಹೋಂವರ್ಕ್, ಪರೀಕ್ಷೆ, ಅಂಕ ಎಲ್ಲವೂ ಇನ್ನು ಮುಂದೆ ಅದರಲ್ಲೇ ನಡೆಯಬೇಕು, ಅಧ್ಯಾಪಕರೆಲ್ಲರಿಗೂ ಅದರ ತರಬೇತಿ ಆಗಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ತರಬೇತಿ ಕೊಡಲು ಕಂಪನಿಯಿಂದ ಬರಬೇಕಾಗಿದ್ದ ಮನುಷ್ಯ ಅಂದು ಬೆಳಿಗ್ಗೆ ಫೋನ್ ಮಾಡಿ, ತನಗೆ ಬೇರೆ ಕಡೆ ಕೆಲಸ ಸಿಕ್ಕಿದೆಯೆಂದೂ, ಆದ್ದರಿಂದ ಈ ಪೋರ್ಟಲ್ ಬಗ್ಗೆ ಗೊತ್ತಿದ್ದದ್ದನ್ನೆಲ್ಲ ಮರೆಯುವುದು ತನ್ನ ಕರ್ತವ್ಯವೆಂದೂ ತಿಳಿಸಿದ್ದ.

ಮೇಡಂ ಈ ಸುದ್ದಿ ಹೇಳಿ ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ ವಾಣಿಜ್ಯ ವಿಭಾಗದ ಮುಖ್ಯಸ್ಥರು ಮೇಷ್ಟ್ರ ಕಡೆ ಬಾಗಿದರು. ಈ ಮುಖ್ಯಸ್ಥರು ಹೊಸ ಫೋನ್ ಕೊಂಡಾಗಿನಿಂದ ಅದನ್ನು ತಾವೇ ಕಂಡುಹಿಡಿದವರ ಹಾಗೆ ಓಡಾಡುತ್ತಿದ್ದರು. ಇದನ್ನು ಕಲಿಯಲು ತಮ್ಮಂಥವರಿಗೇ ತಿಂಗಳುಗಟ್ಟಲೆ ಬೇಕು, ಮೇಷ್ಟ್ರಂಥವರು ಈಗಲೇ ಸ್ವಯಂನಿವೃತ್ತಿ ತೆಗೆದುಕೊಳ್ಳುವುದು ಗೌರವ ಎಂದು ಪಿಸುಗುಟ್ಟಿದರು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ತಲೆಯ ಮೇಲೆ ಹಳೆಯ ಫ್ಯಾನುಗಳು ಲೊಡಲೊಡ ಸದ್ದು ಮಾಡುತ್ತಿದ್ದವು. ಆ ಸದ್ದನ್ನು ದಾಟಿ ಪಕ್ಕದವರಿಗೆ ಮುಟ್ಟಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದರು.

"ಅದರಲ್ಲೇನಿದೆ ಮಹಾ. ನಾನು ಕಣ್ಮುಚ್ಕೊಂಡು ಹೇಳ್ಕೊಡ್ತೀನಿ."

ಮಾತಿನ ನಡುವೆ ಕರೆಂಟ್ ಹೋಯಿತು. ಫ್ಯಾನುಗಳೆಲ್ಲ ಒಟ್ಟಿಗೆ ನಿಂತವು. "ಕಣ್ಮುಚ್ಕೊಂಡು ಹೇಳ್ಕೊಡ್ತೀನಿ" ಎಂಬುದು ಗೋಡೆಯಿಂದ ಗೋಡೆಗೆ ತಾಗಿ, ನೇರವಾಗಿ ಕುಲಸಚಿವ ಮೇಡಂ ಎದುರು ಹೋಗಿ ನಿಂತಿತು. ಯಾರು ಹೇಳಿದ್ದು ಎಂದು ಅವರು ಕೇಳಬೇಕಾಗಲಿಲ್ಲ. ವಾಣಿಜ್ಯದವರು ಆಗಲೇ ಬೆರಳು ತೋರಿಸಿದ್ದರು.

ಕರೆಂಟ್ ಬಂದ ಕೂಡಲೇ ಆದೇಶ ಟೈಪಾಯಿತು. ಭೂಗೋಳ ವಿಭಾಗದ ಅಧ್ಯಾಪಕರನ್ನು ಪೋರ್ಟಲ್ ತರಬೇತಿಯ ನೋಡಲ್ ಅಧಿಕಾರಿಯನ್ನಾಗಿ ನೇಮಿಸಲಾಗಿದೆ.

ಮೇಷ್ಟ್ರಿಗೆ ಏನೂ ಬರುತ್ತಿರಲಿಲ್ಲ ಎಂದರೆ ಅನ್ಯಾಯವಾದೀತು. ಯಾವ ನದಿ ಎಲ್ಲಿ ಹುಟ್ಟಿ ಎಲ್ಲಿ ತಿರುಗಿ ಯಾವ ಸಮುದ್ರ ಸೇರುತ್ತದೆ ಎಂಬುದನ್ನು ನಿಜಕ್ಕೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲವರು. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಒಂದೇ ಬೆರಳಿನಿಂದ ಒಂದು ಕೀಲಿ ಒತ್ತಿ, ಆಮೇಲೆ ಆ ಬೆರಳನ್ನೇ ಅನುಮಾನದಿಂದ ನೋಡುವ ಅಭ್ಯಾಸವಿತ್ತು.

ಮನೆಯಲ್ಲಿ ಆದೇಶದ ಪ್ರತಿಯನ್ನು ಹೆಂಡತಿಯ ಮುಂದೆ ಇಟ್ಟರು. ಆಕೆ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು. ದಿನವಿಡೀ ಜನರನ್ನು ಗೋಡೆಯ ಮೇಲಿನ ಅಕ್ಷರಗಳ ಮುಂದೆ ಕೂರಿಸಿ ಓದಿಸಿ ಕನ್ನಡಕದ ನಂಬರ್ ಬರೆದುಕೊಡುವುದು ಅವರ ಉದ್ಯೋಗ.

"ನೋಡಲ್ ಅಂದ್ರೆ ಏನ್ರೀ? ಬರೀ ನೋಡೋದಾ, ಏನಾದ್ರೂ ಮಾಡೋದೂ ಇರುತ್ತಾ?"

ಇದು ಬಹಳ ದೊಡ್ಡ ಜವಾಬ್ದಾರಿ ಎಂದರು ಮೇಷ್ಟ್ರು. ಹಾಗಾದರೆ ಅದನ್ನು ಗೊತ್ತಿದ್ದವರಿಗೆ ಯಾಕೆ ಕೊಡಲಿಲ್ಲ ಎಂದು ಹೆಂಡತಿ ಕೇಳಿದರು. ಮೇಷ್ಟ್ರು ಗಾಳಿಗೆಂದು ಹೊರಗೆ ಬಂದರೆ, ಎದುರುಮನೆಯವರು ಸುದ್ದಿ ತಿಳಿದು ಕಾಯುತ್ತಿದ್ದರು. ಅಧಿಕಾರಿ ಎಂದ ಮೇಲೆ ಅಧಿಕಾರ ಇರಲೇಬೇಕು ಎಂದುಕೊಂಡು, ಬೀದಿದೀಪ ಕೆಟ್ಟು ತಿಂಗಳಾದ ವಿಷಯವನ್ನು ಗಮನಕ್ಕೆ ತಂದರು. ಪರಿಶೀಲಿಸುತ್ತೇನೆ ಎಂದು ಮೇಷ್ಟ್ರು ಭರವಸೆ ಕೊಟ್ಟರು. ಅಷ್ಟು ಹೊತ್ತಿಗೆ ಅವರಿಗೂ ಅಧಿಕಾರಿಯಾದ ಹಾಗೆ ಅನ್ನಿಸತೊಡಗಿತ್ತು.

ಕಂಪನಿಯವರು ಕಳಿಸಿದ ಪಾಸ್‌ವರ್ಡ್ ಹಾಕಿ ಒಳಗೆ ಹೊಕ್ಕಾಗ ಪೋರ್ಟಲ್ ಅವರನ್ನು ಬಹಳ ಮರ್ಯಾದೆಯಿಂದ ಮಾತಾಡಿಸಿತು. ಅಧ್ಯಾಪಕರು ಯಾರು ಎಂದು ಕೇಳಿತು. ಪಾಠ ಹೇಳುವವನು ನಾನೊಬ್ಬನೇ ತಾನೇ ಎಂದುಕೊಂಡು ಮೇಷ್ಟ್ರು ತಮ್ಮ ಹೆಸರು ಹಾಕಿದರು. ವಿದ್ಯಾರ್ಥಿಗಳು ಯಾರು ಎಂದು ಕೇಳಿತು. ಕಲಿಯಲು ಬರುವವರು ವಿದ್ಯಾರ್ಥಿಗಳು, ಇದರಲ್ಲಿ ಯಾವ ತರ್ಕದೋಷವೂ ಇಲ್ಲ. ಕಚೇರಿಯಿಂದ ತಂದಿದ್ದ ಇಡೀ ಬೋಧಕವರ್ಗದ ಪಟ್ಟಿಯನ್ನು, ಕುಲಪತಿಗಳಿಂದ ಹಿಡಿದು ಕೊನೆಯವರ ತನಕ, ಹಾಗೇ ಅದರ ಬಾಯಿಗೆ ಹಾಕಿದರು. ವಿದ್ಯಾರ್ಥಿಗಳ ಪೋಷಕರ ಫೋನ್ ನಂಬರ್ ಎಲ್ಲಿ ಎಂದು ಕೇಳಿತು.

ಬೇರೆ ಯಾರಾದರೂ ಇಲ್ಲಿ ನಿಂತು ಯೋಚನೆ ಮಾಡುತ್ತಿದ್ದರೋ ಏನೋ. ಆದರೆ ಮೇಷ್ಟ್ರು ಖಾಲಿ ಜಾಗ ಬಿಟ್ಟ ಉತ್ತರಪತ್ರಿಕೆಗಳನ್ನು ಕಂಡರೆ ಕಿಡಿಕಿಡಿಯಾಗುವವರು. ಅದೇ ಪಟ್ಟಿಯ ತುದಿಯಲ್ಲಿ 'ತುರ್ತು ಸಂದರ್ಭದಲ್ಲಿ ತಿಳಿಸಬೇಕಾದವರು' ಎಂಬ ಕಲಂ ಇತ್ತು. ಅದರಲ್ಲಿ ಪ್ರತಿಯೊಬ್ಬರ ಹೆಂಡತಿಯದೋ ಗಂಡನದೋ ತಾಯಿಯದೋ ನೆಂಟರದೋ ನಂಬರ್ ಇತ್ತು. ಅದನ್ನೇ ತೋರಿಸಿದರು. ಪೋರ್ಟಲ್‌ಗೆ ಎಷ್ಟು ಸಂತೋಷವಾಯಿತೆಂದರೆ ತೆರೆಯ ಮೇಲೆಲ್ಲ ಬಣ್ಣದ ಕಾಗದದ ಚೂರುಗಳು ಉದುರಿದವು.

ತರಬೇತಿಯನ್ನು ಉದ್ಘಾಟಿಸಲು ಕುಲಪತಿಗಳೇ ಬಂದರು. ಕಲಿಯುವುದಕ್ಕೆ ವಯಸ್ಸಿಲ್ಲ, ಕೊನೆಯ ಉಸಿರಿನ ತನಕ ಮನುಷ್ಯ ವಿದ್ಯಾರ್ಥಿಯೇ ಎಂದು ಬಹಳ ಹೊತ್ತು ಮಾತಾಡಿ, ಪಾಠ ಶುರುವಾಗುವ ಮೊದಲೇ ಕಾರು ಹತ್ತಿ ಹೊರಟುಹೋದರು.

ಕಂಪ್ಯೂಟರ್ ಲ್ಯಾಬಿನಲ್ಲಿ ಅಧ್ಯಾಪಕರು ಮೊದಲು ಹಿಂದಿನ ಸಾಲು ತುಂಬಿಸಿದರು. ತಡವಾಗಿ ಬಂದವರು ಬೇರೆ ದಾರಿಯಿಲ್ಲದೆ ಮುಂದೆ ಕೂತರು. ತತ್ವಶಾಸ್ತ್ರದವರು ಹಿಂಬಾಗಿಲ ಪಕ್ಕದ ಕುರ್ಚಿ ಹಿಡಿದು, ಸ್ವಲ್ಪ ಹೊತ್ತಿನ ಮೇಲೆ ಕುರ್ಚಿಯನ್ನು ಮಾತ್ರ ಅಲ್ಲಿ ಉಳಿಸಿದರು. ಪಾಸ್‌ವರ್ಡ್‌ನಲ್ಲಿ ಒಂದಾದರೂ ದೊಡ್ಡ ಅಕ್ಷರ ಇರಬೇಕು ಎಂದಾಗ ಭಾಷಾ ವಿಭಾಗದ ಹಿರಿಯರು ಎದ್ದು ನಿಂತು, ನಮ್ಮ ಲಿಪಿಯಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವೇ ಇಲ್ಲ, ಎಲ್ಲ ಅಕ್ಷರವೂ ಸಮಾನ, ಈ ಅಪಮಾನಕ್ಕೆ ತಾವು ಒಪ್ಪುವುದಿಲ್ಲ ಎಂದು ಪ್ರತಿಭಟಿಸಿ ಕೂತುಬಿಟ್ಟರು.

ಮೇಷ್ಟ್ರು ತಮಗೆ ತಿಳಿದ ರೀತಿಯಲ್ಲೇ ಪಾಠ ಮಾಡಿದರು. "ತೆರೆಯ ವಾಯವ್ಯ ಮೂಲೇಲಿ ಮೂರು ಗೆರೆ ಕಾಣುತ್ತಲ್ಲ, ಅದೇ ಉಗಮಸ್ಥಾನ. ಅಲ್ಲಿಂದ ಹಾಗೇ ದಕ್ಷಿಣಕ್ಕೆ ಹರಿದು ಬನ್ನಿ. ಎಡದಂಡೆ ಮೇಲೆ ಹೋಂವರ್ಕ್ ಸಿಗುತ್ತೆ." ರಸಾಯನಶಾಸ್ತ್ರದ ಮೇಡಂ ಹರಿಯುತ್ತಾ ಹರಿಯುತ್ತಾ ಎಲ್ಲಿಗೆ ಹೋದರೋ, ತಮ್ಮ ಬಗ್ಗೆ ಒಂದು ಪುಟ ಬರೆದು ಏರಿಸಿ ಎಂಬ ಜಾಗದಲ್ಲಿ ತಮ್ಮ ವಾಷಿಂಗ್ ಮೆಷಿನ್ ರಿಪೇರಿಯ ಬಿಲ್ ಏರಿಸಿದರು. ಕೊನೆಗೆ ಒಂದು ಕಿರುಪರೀಕ್ಷೆ ಇತ್ತು. ಬಹಳ ಮಂದಿ ಮೊದಲ ಪ್ರಶ್ನೆ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಸಮಯ ಮುಗಿದಿದೆ ಎಂದು ಪೋರ್ಟಲ್ ಬಾಗಿಲು ಹಾಕಿತು. ತಿಂಗಳುಗಟ್ಟಲೆ ಬೇಕು ಎಂದಿದ್ದ ವಾಣಿಜ್ಯದವರಿಗೆ ಇಪ್ಪತ್ತಕ್ಕೆ ಎರಡು ಬಂತು.

ಒಟ್ಟಿನಲ್ಲಿ ಮೊದಲ ದಿನದ ತರಬೇತಿ ಯಶಸ್ವಿಯಾಯಿತು ಎಂದುಕೊಂಡು ಮೇಷ್ಟ್ರು ಮನೆಗೆ ಹೋದರು. ಪೋರ್ಟಲ್ ತನ್ನ ಕೆಲಸ ಶುರು ಮಾಡಿದ್ದು ಆಮೇಲೆ.

ಸಂಜೆ ಊರಿನ ಬೇರೆ ಬೇರೆ ಮನೆಗಳಲ್ಲಿ ಒಟ್ಟಿಗೆ ಫೋನುಗಳು ಟಿಣ್ ಎಂದವು. 'ಪ್ರಿಯ ಪೋಷಕರೇ, ನಿಮ್ಮ ಮಗುವಿನ ಇಂದಿನ ಪ್ರಗತಿ ಹೀಗಿದೆ' ಎಂದು ಆರಂಭವಾಗುತ್ತಿತ್ತು ಸಂದೇಶ. ತತ್ವಶಾಸ್ತ್ರದವರ ಹೆಂಡತಿಗೆ ಬಂದದ್ದು, ಮಗು ತರಗತಿಯ ನಡುವೆ ಎದ್ದುಹೋಗಿದೆ, ಎಲ್ಲಿಗೆ ಎಂದು ವಿಚಾರಿಸಿ. ಆಕೆ ವಿಚಾರಿಸಿದರು. ರಸಾಯನಶಾಸ್ತ್ರದ ಮೇಡಂ ಅವರ ಅತ್ತೆಗೆ ಬಂದದ್ದು, ಮಗು ಕೊಟ್ಟ ಕೆಲಸ ಬಿಟ್ಟು ಬೇರೇನೋ ಮಾಡುತ್ತದೆ. ತಾವು ಇಷ್ಟು ವರ್ಷ ಬಾಯಿ ನೋಯುವಷ್ಟು ಹೇಳಿದ್ದನ್ನು ವಿಶ್ವವಿದ್ಯಾಲಯವೇ ಒಪ್ಪಿಕೊಂಡಿತಲ್ಲ ಎಂದು ಆ ಅತ್ತೆ ಸಂದೇಶವನ್ನು ನೆಂಟರಿಗೆಲ್ಲ ಕಳಿಸಿದರು. ಪಟ್ಟಿಯಲ್ಲಿ ಹಿಂದೆಂದೋ ಕೊಟ್ಟ ನಂಬರ್ ಹಾಗೇ ಉಳಿದಿದ್ದರಿಂದ ವಾಣಿಜ್ಯದವರ ಅಂಕ ಹೋಗಿ ತಲುಪಿದ್ದು ಅವರ ಭಾವಮೈದುನನಿಗೆ. ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಆ ರಾತ್ರಿ ಭಾವಮೈದುನ ತಾನಾಗಿ ಫೋನ್ ಮಾಡಿ, ಹಳೆಯದನ್ನೆಲ್ಲ ಮರೆತಿದ್ದೇನೆ ಎಂದು ಹೇಳಿ, ಇಪ್ಪತ್ತಕ್ಕೆ ಎರಡು ಹೇಗೆ ಬಂತು ಭಾವ ಎಂದು ಬಹಳ ಪ್ರೀತಿಯಿಂದ ಕೇಳಿದ.

ಕುಲಪತಿಗಳ ಹೆಸರಿನ ಮುಂದೆ ಇದ್ದದ್ದು ಅವರ ತಾಯಿಯ ನಂಬರ್. ಆಕೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಶಾಲೆ ಬಿಟ್ಟು ದಶಕಗಳಾಗಿದ್ದರೂ ಗೈರುಹಾಜರಿ ಎಂಬ ಪದ ಕೇಳಿದರೆ ಈಗಲೂ ಬೆನ್ನು ನೆಟ್ಟಗಾಗುತ್ತಿತ್ತು.

ಬೆಳಿಗ್ಗೆ ಕುಲಪತಿಗಳು ಮೇಷ್ಟ್ರನ್ನು ಕರೆಸಿದರು. ಕೂರಲು ಹೇಳಲಿಲ್ಲ.

"ನಮ್ಮಮ್ಮ ನಿನ್ನೆ ಊಟಕ್ಕೆ ಮುಂಚೆ ನನ್ನನ್ನ ನಿಲ್ಲಿಸಿ ಕೇಳಿದ್ರು ಕಣ್ರೀ, ಸ್ಕೂಲಿಗೆ ಅಂತ ಹೇಳಿ ಎಲ್ಲಿ ಸುತ್ತಕ್ಕೆ ಹೋಗಿದ್ದೆ ಅಂತ."

ಶನಿವಾರದೊಳಗೆ ತಮ್ಮ ಹೆಸರು ಆ ಪೋರ್ಟಲ್‌ನಿಂದ ಹೋಗಬೇಕು, ಇಲ್ಲವಾದರೆ ಮೇಷ್ಟ್ರು ಉಪಕೇಂದ್ರಕ್ಕೆ ಹೋಗಬೇಕು ಎಂದರು. ಉಪಕೇಂದ್ರ ಎಂದರೆ ವಿಶ್ವವಿದ್ಯಾಲಯದ ದೂರದ ಶಾಖೆ. ಅದು ಇರುವ ಜಾಗ ಭೂಗೋಳದ ಮೇಷ್ಟ್ರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿಗೆ ವರ್ಗವಾದವರು ನಿವೃತ್ತಿಯ ಬೀಳ್ಕೊಡುಗೆಗೆ ಮಾತ್ರ ವಾಪಸ್ ಬರುತ್ತಿದ್ದರು. ಹೆಂಡತಿಯ ಆಸ್ಪತ್ರೆ ಇಲ್ಲಿ, ತಾವು ಅಲ್ಲಿ.

ಲ್ಯಾಬಿಗೆ ಓಡಿದರು. ಕುಲಪತಿಗಳ ಹೆಸರಿನ ಮೇಲೆ ಬೆರಳಿಟ್ಟು ತೆಗೆದುಹಾಕು ಎಂದು ಒತ್ತಿದರು. ವಿದ್ಯಾರ್ಥಿಯನ್ನು ನಡುವೆ ಬಿಡಿಸಲು ಪೋಷಕರ ಒಪ್ಪಿಗೆ ಬೇಕು ಎಂದಿತು ಪೋರ್ಟಲ್. ಇವರು ವಿದ್ಯಾರ್ಥಿಯಲ್ಲ, ಕುಲಪತಿಗಳು ಎಂದು ಬರೆದರು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದಿತು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ, ಅಲ್ಲಿದ್ದ ಹೆಣ್ಣುಮಗಳು ಎಲ್ಲವನ್ನೂ ಸಮಾಧಾನದಿಂದ ಕೇಳಿ, ಮಗುವಿಗೆ ಈಗ ಎಷ್ಟು ವಯಸ್ಸು ಎಂದು ವಿಚಾರಿಸಿದರು. ಮೇಷ್ಟ್ರು ಅರವತ್ತೆರಡು ಎಂದರು. ಆಕೆ ಅದನ್ನು ಬರೆದುಕೊಂಡರು. ಆಮೇಲೆ, ಕೆಲವು ಮಕ್ಕಳು ನಿಧಾನ ಸರ್, ಧೈರ್ಯ ಕಳ್ಕೋಬೇಡಿ ಎಂಬ ಉತ್ತರ ಬಂತು.

ಮೇಷ್ಟ್ರು ಕಣ್ಣಿಗೆ ಕಂಡದ್ದನ್ನೆಲ್ಲ ಒತ್ತಿದರು. ಎಲ್ಲವನ್ನೂ ರದ್ದು ಮಾಡುವ ಗುಂಡಿ ಇದೇ ಇರಬೇಕು ಎಂದು ಕೆಂಪು ಬಣ್ಣದ್ದೊಂದನ್ನು ಒತ್ತಿದಾಗ ಮತ್ತೆ ಕಾಗದದ ಚೂರುಗಳು ಉದುರಿದವು. ಶನಿವಾರ ಬೆಳಿಗ್ಗೆ ಪೋಷಕರ ಸಭೆ ಇದೆ, ಎಲ್ಲರೂ ಕಡ್ಡಾಯವಾಗಿ ಬರಬೇಕು ಎಂದು ಪೋರ್ಟಲ್ ಪ್ರತಿ ಮನೆಗೂ ತಿಳಿಸಿಬಿಟ್ಟಿತ್ತು.

ಶನಿವಾರ ಸಭಾಂಗಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಒಬ್ಬೊಬ್ಬ ಅಧ್ಯಾಪಕರೂ ತಮ್ಮ ತಮ್ಮ ಪೋಷಕರ ಪಕ್ಕ ತಲೆತಗ್ಗಿಸಿ ಕೂತಿದ್ದರು. ಕುಲಪತಿಗಳ ತಾಯಿ ಮೊದಲ ಸಾಲಿನಲ್ಲಿ, ಕೊಡೆಯನ್ನು ಮೊಣಕಾಲಿಗೆ ಆನಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಕುಲಪತಿಗಳು ಕಾಲಮೇಲೆ ಕಾಲು ಹಾಕಿದ್ದರು. ತಾಯಿ ಒಮ್ಮೆ ನೋಡಿದರು. ಕಾಲು ಕೆಳಗಿಳಿಯಿತು.

ಮೇಷ್ಟ್ರು ಒಂದು ತಪ್ಪು ತಿಳುವಳಿಕೆ ಆಗಿದೆ ಎಂದು ಶುರು ಮಾಡಿದರು. ಯಾರಿಗೂ ಅದು ಬೇಕಾಗಿರಲಿಲ್ಲ. ರಸಾಯನಶಾಸ್ತ್ರದ ಮೇಡಂ ಅವರ ಅತ್ತೆ ಎದ್ದು, ನಮ್ಮ ಹುಡುಗಿ ತರಗತಿಯಲ್ಲೂ ಹೀಗೇನಾ ಎಂದು ಕೇಳಿದರು. ತತ್ವಶಾಸ್ತ್ರದವರ ಹೆಂಡತಿ, ಹಿಂಬಾಗಿಲಿಗೆ ಬೀಗ ಹಾಕಿಸಲು ಆಗುತ್ತದಾ ಎಂದು ವಿಚಾರಿಸಿದರು. ವಾಣಿಜ್ಯದವರ ಭಾವಮೈದುನ ಮಾತ್ರ ದೂರೇನೂ ಇಲ್ಲವೆಂದು ಹೇಳಿ, ಆ ಎರಡು ಅಂಕ ಬಂದ ಉತ್ತರಪತ್ರಿಕೆಯ ಒಂದು ನಕಲು ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದ.

ಮೇಷ್ಟ್ರು ಕೊನೆಗೆ ಕುಲಪತಿಗಳ ತಾಯಿಯ ಮುಂದೆ ಹೋಗಿ ಕೈಮುಗಿದು, ತಾವು ಒಪ್ಪಿಗೆ ಕೊಟ್ಟರೆ ಮಗನವರ ಹೆಸರನ್ನು ಇವತ್ತೇ ತೆಗೆಯಬಹುದು ಎಂದರು.

"ಕೊಡಲ್ಲ," ಎಂದರು ಆಕೆ. "ಈಜು ಕಲೀತೀನಿ ಅಂದ, ನಡುವೆ ಬಿಟ್ಟ. ಸಂಗೀತ ಕಲೀತೀನಿ ಅಂದ, ಅದನ್ನೂ ಬಿಟ್ಟ. ಇದನ್ನಾದ್ರೂ ಪೂರ್ತಿ ಮಾಡ್ಲಿ. ಏನೋ ಪುಟ್ಟು?"

ಇಡೀ ವಿಶ್ವವಿದ್ಯಾಲಯ ಪುಟ್ಟುವಿನ ಕಡೆ ನೋಡಿತು. ಪುಟ್ಟು ಹೂಂ ಎಂದರು. ಅವರ ಕಣ್ಣು ಮಾತ್ರ ಮೇಷ್ಟ್ರನ್ನು ಅದಾಗಲೇ ಉಪಕೇಂದ್ರದ ಬಸ್ಸಿಗೆ ಹತ್ತಿಸಿತ್ತು.

ಆಗ ಹಿಂದಿನ ಸಾಲಿನಿಂದ ಇನ್ನೊಬ್ಬ ಪೋಷಕರು ಎದ್ದರು. ಮೇಷ್ಟ್ರು ನೋಡಿದರೆ ಅವರ ಹೆಂಡತಿ. ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು.

"ನಮ್ಮನೆಯವ್ರು ತರಗತಿಗೆ ಒಂದು ದಿನಾನೂ ಬಂದಿಲ್ಲ ಅಂತ ಮೆಸೇಜ್ ಬಂದಿದೆ. ಅಂಕ ಸೊನ್ನೆ. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಸ್ಕೊಂಡು ಹೋಗ್ತಾರೆ. ಎಲ್ಲಿಗೆ ಹೋಗ್ತಾರೆ ಮೇಷ್ಟ್ರೇ?"

ಸಂಗತಿ ಇಷ್ಟೇ. ಇಡೀ ಪಟ್ಟಿಯನ್ನು ಪೋರ್ಟಲ್ ಬಾಯಿಗೆ ಹಾಕುವಾಗ ಮೇಷ್ಟ್ರು ಅದರಲ್ಲಿ ತಮ್ಮ ಹೆಸರೂ ಇದ್ದದ್ದನ್ನು ನೋಡಿರಲಿಲ್ಲ. ಅಧ್ಯಾಪಕರಾಗಿ ಅವರು ದಿನವೂ ಹಾಜರಿದ್ದರು, ವಿದ್ಯಾರ್ಥಿಯಾಗಿ ಒಮ್ಮೆಯೂ ಬಂದಿರಲಿಲ್ಲ. ಇದನ್ನು ವಿವರಿಸಲು ಹೊರಟು, ಬಾರದೆ ಇದ್ದ ನಾನು ಬೇರೆ, ಬಂದಿದ್ದ ನಾನು ಬೇರೆ ಎಂದರು. ತತ್ವಶಾಸ್ತ್ರದವರು ಮೊದಲ ಬಾರಿಗೆ ತಲೆಯೆತ್ತಿ ಆಸಕ್ತಿಯಿಂದ ನೋಡಿದರು. ಮಿಕ್ಕವರಿಗೆ ಅದು ಸಿಕ್ಕಿಬಿದ್ದವನ ಮಾತಿನ ಹಾಗೇ ಕೇಳಿಸಿತು.

ಕುಲಪತಿಗಳ ತಾಯಿ ಕೊಡೆಯ ತುದಿಯಿಂದ ನೆಲ ಕುಟ್ಟಿದರು. ಸದ್ದಡಗಿತು.

"ಮೇಷ್ಟ್ರೇ, ನಿಜ ಹೇಳಿ. ನಿಮಗೆ ಇದು ಬರುತ್ತಾ?"

ಮೇಷ್ಟ್ರು ಕುಲಸಚಿವ ಮೇಡಂ ಕಡೆ ನೋಡಿದರು. ವಾಣಿಜ್ಯದವರ ಕಡೆ ನೋಡಿದರು. ಹೆಂಡತಿಯ ಕಡೆ ನೋಡಿದರು. ಆಕೆ ಆಸ್ಪತ್ರೆಯಲ್ಲಿ ರೋಗಿ ಕೊನೆಯ ಸಾಲಿನ ಅಕ್ಷರ ಓದುವ ತನಕ ಕಾಯುವ ಹಾಗೆ ಸುಮ್ಮನೆ ಕಾಯುತ್ತಿದ್ದರು.

"ಬರಲ್ಲ ಅಮ್ಮ," ಎಂದರು ಮೇಷ್ಟ್ರು.

ಹೇಳಿದ ಕೂಡಲೇ ಹೆಗಲಿನಿಂದ ಏನೋ ಇಳಿದ ಹಾಗಾಯಿತು. ವಾಣಿಜ್ಯದವರು ಏನೋ ಹೇಳಲು ಬಾಯಿ ತೆರೆದರು. ಇಪ್ಪತ್ತಕ್ಕೆ ಎರಡು ಭಾವ ಎಂದು ಭಾವಮೈದುನ ಮೆಲ್ಲಗೆ ನೆನಪಿಸಿದ.

"ಹಾಗಾದ್ರೆ ಅಲ್ಲಿ ನಿಂತು ಏನ್ಮಾಡ್ತಿದ್ದೀರಿ? ಬಂದು ಇವನ ಪಕ್ಕ ಕೂತ್ಕೊಳ್ಳಿ," ಎಂದರು ತಾಯಿ. ಮೇಷ್ಟ್ರು ಹೋಗಿ ಕುಲಪತಿಗಳ ಪಕ್ಕ ಕೂತರು.

ಸೋಮವಾರದಿಂದ ತರಗತಿ ಬೇರೆ ರೀತಿ ನಡೆಯಿತು. ಮುಖ್ಯೋಪಾಧ್ಯಾಯಿನಿಯವರು ಕೊಡೆ ಸಮೇತ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡರು. ಅವರಿಗೂ ಪೋರ್ಟಲ್ ಬಗ್ಗೆ ಏನೂ ಗೊತ್ತಿರಲಿಲ್ಲ, ಆದರೆ ಎದ್ದುಹೋಗುವುದು ಯಾರಿಗೂ ಸಾಧ್ಯವಿರಲಿಲ್ಲ. ಓಡಿಹೋಗಲಾರದ ಮೇಲೆ ವಿದ್ವಾಂಸರು ಬೇರೆ ದಾರಿ ಕಾಣದೆ ಓದತೊಡಗಿದರು. ಒಬ್ಬರಿಗೆ ಒಂದು ಗುಂಡಿಯ ಮರ್ಮ ತಿಳಿದರೆ ಪಕ್ಕದವರಿಗೆ ಹೇಳಿದರು. ಭಾಷೆಯ ಹಿರಿಯರು ದೊಡ್ಡ ಅಕ್ಷರವನ್ನು ಪ್ರತಿಭಟನೆಯ ಟಿಪ್ಪಣಿಯೊಂದಿಗೆ ಹಾಕಿದರು. ಯಾವಾಗಲೂ ಬೇರೆಯವರು ಬರೆದುಕೊಟ್ಟದ್ದಕ್ಕೆ ಸಹಿ ಹಾಕುತ್ತಿದ್ದ ಕುಲಪತಿಗಳು ತಾವೇ ಒಂದು ಪುಟ ಟೈಪ್ ಮಾಡಿ ಏರಿಸಿ, ತಿರುಗಿ ಅಮ್ಮನ ಕಡೆ ನೋಡಿದರು. ಅಮ್ಮ ತಲೆಯಾಡಿಸಿದರು. ಅಂದು ಇಡೀ ದಿನ ಕುಲಪತಿಗಳು ಕಚೇರಿಯಲ್ಲಿ ಯಾರ ಮೇಲೂ ರೇಗಲಿಲ್ಲ.

ಕೊನೆಯ ಪರೀಕ್ಷೆಯಲ್ಲಿ ಮೇಷ್ಟ್ರೇ ಬರೆಯಬೇಕು, ಮೇಷ್ಟ್ರೇ ಮೇಲ್ವಿಚಾರಣೆಯನ್ನೂ ಮಾಡಬೇಕು. ಎರಡು ಪ್ರಶ್ನೆಗೆ ಉತ್ತರ ಒತ್ತಿ, ಎದ್ದು ಒಂದು ಸುತ್ತು ತಿರುಗಿ, ಮತ್ತೆ ಬಂದು ಕೂತು ಬರೆದರು. ಹಾಗೆ ಒಂದು ಸುತ್ತು ಹೋಗಿ ಬರುವಾಗ ಕುಲಪತಿಗಳು ಕತ್ತು ಉದ್ದ ಮಾಡಿ ಮೇಷ್ಟ್ರ ತೆರೆಯಿಂದ ಉತ್ತರ ನೋಡಿಕೊಳ್ಳುತ್ತಿದ್ದುದು ಮೇಲ್ವಿಚಾರಕರ ಕಣ್ಣಿಗೆ ಬಿತ್ತು. ಮೇಲ್ವಿಚಾರಕರು ಕಿಟಕಿಯ ಹೊರಗಿನ ಪ್ರಕೃತಿಯನ್ನು ನೋಡುತ್ತಾ ನಿಂತರು. ಪರೀಕ್ಷಾರ್ಥಿಯಾಗಿ ಕೂತಾಗ ತಮ್ಮ ತೆರೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿಯೂ ಇಟ್ಟರು.

ಎಲ್ಲರೂ ಪಾಸಾದರು. ಉಪಕೇಂದ್ರದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಪರೀಕ್ಷೆಯಲ್ಲಿ ಉತ್ತರ ತೋರಿಸಿದವನನ್ನು ದೂರ ಕಳಿಸುವಷ್ಟು ಕೃತಘ್ನರಲ್ಲ ಕುಲಪತಿಗಳು. ಅವರ ತಾಯಿ ತೃಪ್ತಿಯಿಂದ ಒಪ್ಪಿಗೆ ಕೊಟ್ಟರು. ಮಿಕ್ಕ ಪೋಷಕರೂ ಒಬ್ಬೊಬ್ಬರಾಗಿ ಒಪ್ಪಿಗೆ ಕೊಟ್ಟರು. ಅತ್ತೆಯೂ ಕೊಟ್ಟರು, ಸ್ವಲ್ಪ ಬೇಸರದಿಂದ. ಹೆಸರುಗಳೆಲ್ಲ ವಿದ್ಯಾರ್ಥಿಗಳ ಪಟ್ಟಿಯಿಂದ ಹೋದವು.

ಒಂದು ಹೆಸರು ಉಳಿಯಿತು. ಮೇಷ್ಟ್ರ ಹೆಂಡತಿ ಒಪ್ಪಿಗೆ ಕೊಡಲಿಲ್ಲ.

"ಇರ್ಲಿ ಬಿಡ್ರೀ," ಎಂದರು ಆಕೆ. "ಮದುವೆಯಾದಾಗಿನಿಂದ ಮೊದಲ್ನೇ ಸಲ ನೀವು ದಿನಾ ಏನ್ಮಾಡ್ತೀರಿ ಅಂತ ನನಗೆ ಗೊತ್ತಾಗ್ತಿದೆ."

ಹಾಗಾಗಿ ಆ ತರಗತಿ ಇನ್ನೂ ನಡೆಯುತ್ತಿದೆ. ಅದರಲ್ಲಿ ಒಬ್ಬರೇ ಅಧ್ಯಾಪಕರು, ಒಬ್ಬರೇ ವಿದ್ಯಾರ್ಥಿ. ದಿನವೂ ಸಂಜೆ ವಿದ್ಯಾರ್ಥಿಯ ನಡತೆಯ ಬಗ್ಗೆ ಒಂದು ಸಾಲು ಬರೆಯದೆ ಪೋರ್ಟಲ್ ಅಧ್ಯಾಪಕರನ್ನು ಹೊರಗೆ ಬಿಡುವುದಿಲ್ಲ. ಮೇಷ್ಟ್ರು ಸುಳ್ಳು ಬರೆಯುವವರಲ್ಲ. ಗಮನ ಪರವಾಗಿಲ್ಲ, ಮಾತು ಜಾಸ್ತಿ, ಕೈಬರಹ ಸುಧಾರಿಸಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಾರೆ.

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಸ್ಟಾಫ್ ರೂಮಿನಲ್ಲಿ ಕುರ್ಚಿಗೆ ಒರಗಿದ ಮೇಷ್ಟ್ರಿಗೆ ಚೆನ್ನಾಗಿ ನಿದ್ದೆ ಹತ್ತಿತು. ಸಂಜೆ ಕೂತು ಸ್ವಲ್ಪ ಹೊತ್ತು ಆಲೋಚಿಸಿ, ಕರ್ತವ್ಯಕ್ಕೆ ಸಂಬಂಧ ಅಡ್ಡಬರಬಾರದು ಎಂದು ಗಟ್ಟಿ ಮನಸ್ಸು ಮಾಡಿ ಬರೆದರು: 'ಇವರು ಮಧ್ಯಾಹ್ನದ ಹೊತ್ತು ತೂಕಡಿಸುತ್ತಾರೆ. ಪೋಷಕರು ಕಟ್ಟುನಿಟ್ಟು ಮಾಡಬೇಕು.'

ಮನೆ ತಲುಪುವಷ್ಟರಲ್ಲಿ ಸಂದೇಶ ಅಲ್ಲಿ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ಫೋನ್ ಹಿಡಿದು ನಿಂತಿದ್ದರು. ಇವತ್ತಿನಿಂದ ರಾತ್ರಿ ಟೀವಿ ಇಲ್ಲ, ಊಟ ಮಾಡಿ ನೇರ ಮಲಗಬೇಕು ಎಂದು ತೀರ್ಪು ಕೊಟ್ಟರು. ಮೇಷ್ಟ್ರು ಚಪ್ಪಲಿ ಬಿಟ್ಟು, ಚೀಲ ಕೆಳಗಿಟ್ಟು, ಮುಖ ಸಣ್ಣದು ಮಾಡಿಕೊಂಡು ಹೇಳಿದರು:

"ನಂದೇನೂ ತಪ್ಪಿಲ್ಲ ಕಣೇ. ಆ ಮೇಷ್ಟ್ರಿಗೆ ನನ್ನ ಕಂಡ್ರೆ ಆಗಲ್ಲ."